ಕಂಸದೊಳಗಿನ ಹಾಡು

ಹಸ್ತಪ್ರತಿಯ ಹನ್ನೊಂದನೇ ಪುಟದಲ್ಲಿ
ನಾನೇ ಬರೆದದ್ದು, ಕಂಸ ಹಾಕಿ:
(ಇಲ್ಲಿ ಮದುಮಗಳು ಢಾವಲೋ ಹಾಡುತ್ತ ಅಳುವಳು)
ಅಷ್ಟೇ. ಉಳಿದದ್ದು ಹಾಡುವವಳು ನೋಡಿಕೊಳ್ಳುತ್ತಾಳೆ
ಎಂಬ ಧೈರ್ಯ.

ಎಂ.ಎ. ಎರಡನೇ ವರ್ಷ, ನಾಟಕ ವಿಭಾಗ.
ಶಿವಮೊಗ್ಗ, ಸವಳಂಗ ರಸ್ತೆಯ ಹಳೇ ಗೊಬ್ಬರದ ಗೋದಾಮು
ಈಗ ನಮ್ಮ ತಾಲೀಮಿನ ಮನೆ.
ಮಧ್ಯಾಹ್ನದ ಬಿಸಿಲಿಗೆ ತಗಡು ಟಿಣ್ಣೆಂದಾಗ
ಇನ್ನೂ ಯೂರಿಯಾ ವಾಸನೆ ಏಳುತ್ತದೆ.
ಹದಿನಾಲ್ಕು ಮಂದಿ. ಅವರಲ್ಲಿ ಸುಗುಣಾಬಾಯಿ,
ತಾಂಡಾದಿಂದ ಎರಡು ಬಸ್ಸು ಬದಲಿಸಿ ಬಂದು
ಬಂದವಳೇ ಫ್ಯಾನಿನ ಕೆಳಗೆ ಜಾಗ ಹಿಡಿಯುವವಳು.

ಗಾಂಧಿ ಬಜಾರಿನಿಂದ ಬಾಡಿಗೆಗೆ ತಂದಿದ್ದೆ
ಫೇಟಿಯಾ, ಕಾಂಚಳಿ, ಮೊಣಕೈವರೆಗೂ ಬಿಳಿ ಬಳೆ.
'ನೋಡಮ್ಮ, ನಿಮ್ಮದೇ' ಎಂದೆ
ದಾನ ಕೊಟ್ಟವನ ಹಾಗೆ.
ಅಂಚು ಹಿಡಿದು ಉಗುರಿನಿಂದ ಗೀರಿದಳು.
'ಕನ್ನಡಿ ಅಲ್ಲ ಸಾರ್, ಪ್ಲಾಸ್ಟಿಕ್ಕು.
ನಮ್ಮಜ್ಜಿ ಕಂಡರೆ ನಗ್ತಾಳೆ.'
ಎಲ್ಲರೂ ನಕ್ಕರು.
ನಾನೂ, ಒಂದು ಗಳಿಗೆ ತಡವಾಗಿ.

'ಸರಿ, ಹಾಡು.'
'ಹಾಡಲ್ಲ ಸಾರ್.'

ಇಂಥದಕ್ಕೆಲ್ಲ ಉತ್ತರ ಇತ್ತಲ್ಲ ನನ್ನ ಬಳಿ,
ಹದಿನೇಳು ವರ್ಷ ಹೇಳಿ ಹೇಳಿ ನುಣುಪಾದದ್ದು.
ರಂಗಕ್ಕೆ ಮಡಿ ಇಲ್ಲ, ಮೈಲಿಗೆ ಇಲ್ಲ, ಎಂದೆ.
ನಟಿಯ ಗಂಟಲು ಎಲ್ಲರ ಗಂಟಲು, ಎಂದೆ.
ಆಮೇಲೆ ಏನೋ ಹೊಳೆದು, ದನಿ ತಗ್ಗಿಸಿ,
'ಪವಿತ್ರ ಹಾಡು, ಅಲ್ಲವಾ? ಗೌರವಿಸುತ್ತೇನೆ.
ಬೇಕಾದರೆ ದೀಪ ಹಚ್ಚಿ ಶುರು ಮಾಡೋಣ.'

'ಪವಿತ್ರ ಅಲ್ಲ ಸಾರ್' ಎಂದಳು
ಬಳೆಗಳನ್ನು ಒಂದೊಂದೇ ಡಬ್ಬಿಗೆ ಹಾಕುತ್ತ.
'ಪಿಯುಸಿ ಮುಗಿದಾಗ ಒಂದು ಸಲ,
ಡಿಗ್ರಿ ಕೊನೇ ಸೆಮಿಸ್ಟರಲ್ಲಿ ಒಂದು ಸಲ,
ನನ್ನನ್ನ ಕೂರಿಸಿ ಕಲಿಸೋಕೆ ಬಂದಿದ್ದರು ಆ ಹಾಡು.
ಎರಡು ಸಲಾನೂ ಎದ್ದು ಬಂದೆ.
ಎದ್ದು ಬಂದಿದ್ದಕ್ಕೇ ಇಲ್ಲಿದೀನಿ.
ಈಗ ನೀವು ಕೂರಿಸ್ತಿದೀರಿ.'

ತಗಡು ಟಿಣ್ಣೆಂದಿತು.

(ಇಲ್ಲಿ ಮೇಷ್ಟರು ಏನು ಮಾಡುವರು?
ಬರೆದಿರಲಿಲ್ಲ.)

ಆಗ ಕಿಟಕಿಯ ಕಡೆಯಿಂದ ಈರೇಶ,
ತೀರ್ಥಹಳ್ಳಿ ಕಡೆಯ ಹಸಲರ ಹುಡುಗ,
ತಾನಾಗಿ ಬಾಯಿ ಬಿಟ್ಟದ್ದು ನಾನು ಕಂಡೇ ಇರಲಿಲ್ಲ:
'ಹೇಗೂ ನಿಂತಿದೆ ಸಾರ್, ಒಂದು ಕೇಳ್ಲಾ?
ಮೂರು ನಾಟಕ ಆಯ್ತು,
ಮೂರರಲ್ಲೂ ಪಂಜು ಹಿಡಿಯೋನು ನಾನೇ ಯಾಕೆ?'
'ಎತ್ತರ ಇದ್ದೀಯಲ್ಲಪ್ಪ' ಎಂದುಬಿಟ್ಟೆ.
ರಾಜನಾಗಿ ನಿಂತ ಶ್ರೀವತ್ಸ
ಅವನಿಗಿಂತ ನಾಲ್ಕು ಬೆರಳು ಎತ್ತರ.
ಅವನೇ ತಲೆ ಬಗ್ಗಿಸಿ ಕಿರೀಟ ತೆಗೆದು ಕೆಳಗಿಟ್ಟ.
ರಟ್ಟಿನದು. ಸದ್ದೂ ಆಗಲಿಲ್ಲ.

ಭದ್ರಾವತಿಯ ಶಾಹೀನಾ ಕೈ ಎತ್ತಿದಳು.
'ನನಗೆ ಬೇಜಾರಾಗುತ್ತೇನೋ ಅಂತ
ನೀವು ಸೀನೇ ಕೊಡಲ್ಲ ಸಾರ್.
ಎರಡು ವರ್ಷದಿಂದ ಪರದೆ ಎಳೀತಿದೀನಿ.
ಜಗಳಗಂಟಿ ಪಾತ್ರ ಇದ್ದರೆ ಹೇಳಿ,
ಚೆನ್ನಾಗಿ ಬೈತೀನಿ.'

ಅಂದು ತಾಲೀಮು ನಡೆಯಲಿಲ್ಲ.
ಸಂಜೆ ಆರರವರೆಗೂ ನೆಲದ ಮೇಲೆ ಕೂತು
ಹನ್ನೊಂದನೇ ಪುಟವನ್ನು ಕೈಯಿಂದ ಕೈಗೆ ದಾಟಿಸಿದರು,
ಅಂಚಿನ ತುಂಬ ಹದಿನಾಲ್ಕು ಅಕ್ಷರ,
ನಡುವೆ ಚಹಾ ಲೋಟದ ಗುಂಡು ಕಲೆ.
ಪೆನ್ನು ನನ್ನದೇ. ಕೇಳಲು ಮರೆತರು,
ನಾನೂ ನೆನಪಿಸಲಿಲ್ಲ.

ಕೊನೆಗೆ ಸುಗುಣಾ ಎದ್ದಳು, 'ಕಲಿಸೋಕೆ ಬರೋ ಅಜ್ಜಿ ನಾನಾಗ್ತೀನಿ.
ಶಾಹೀನಾ ಮದುಮಗಳು.'
ಸೊಂಟ ಬಗ್ಗಿಸಿ, ದೇಹಕ್ಕೆ ಎಪ್ಪತ್ತು ವರ್ಷ ತಂದುಕೊಂಡು
ಗೆಳತಿಯ ಗದ್ದ ಹಿಡಿದು
ಹಾಡಿನ ಮೊದಲ ಅಕ್ಷರಕ್ಕೆ ಬಾಯಿ ತೆರೆದಳು,
ತೆರೆದೇ ಇದ್ದಳು.
ಶಾಹೀನಾ ಬೈಯಲು ಶುರುಮಾಡಿದಳು.
ಅಬ್ಬಾ, ಎಂಥ ಬೈಗುಳ!
ಪಂಜಿಲ್ಲದ ಈರೇಶ ಬಿದ್ದು ಬಿದ್ದು ನಕ್ಕ.

ಮರುದಿನ ಉಡುಪು ಹಿಂದಿರುಗಿಸಲು ಹೋದೆ.
ಅಂಗಡಿಯವ ಮಡಿಕೆ ಬಿಚ್ಚಿ ಬೆಳಕಿಗೆ ಹಿಡಿದ.
'ಉಟ್ಟೇ ಇಲ್ಲವಲ್ಲ ಮೇಷ್ಟ್ರೇ?'
'ಇಲ್ಲ.'
'ಮತ್ತೆ ಈ ಗೀರು?'
ಮುಂಗಡದಲ್ಲಿ ಹದಿನೈದು ರೂಪಾಯಿ ಹಿಡಿದುಕೊಂಡ.
ನಾನು ಚೌಕಾಸಿ ಮಾಡಲಿಲ್ಲ.